ಹೆಬ್ಬಾವು ಉಣ್ಣುವ ತನಕ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೆಬ್ಬಾವಿನ ಪೆಟ್ಟಿಗೆಗೆ ಹಸಿರು ಬಣ್ಣ ಬಳಿದಿತ್ತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಊರಿಗಾಂನಲ್ಲಿ ಅದನ್ನು ಇಟ್ಟಿದ್ದ ಬಂಗಲೆಯ ಕಿಟಕಿ ಬಾಗಿಲುಗಳೆಲ್ಲ ಹಸಿರಾಗಿದ್ದವು. ಅಲ್ಲಿನ ಹಸಿರನ್ನು ನಾನೇ ಈಚೆಗೆ ಪೆಟ್ಟಿಗೆಗೂ ಹಚ್ಚಿರಬಹುದು. ವರ್ಷವೂ ಖಚಿತವಿಲ್ಲ. ಹೊಸ ಪೈಸೆಗೆ ಜನ ಇನ್ನೂ ಒಗ್ಗುತ್ತಿದ್ದ ಕಾಲ, ನಾನು ಕೆಲಸಕ್ಕೆ ಸೇರಿ ಎರಡನೆಯದೋ ಮೂರನೆಯದೋ ಚಳಿಗಾಲ. ಆಗಲೂ ದಿನಚರಿ ಬರೆಯುತ್ತಿದ್ದೆ. ಆದರೆ ದಿನಚರಿಯನ್ನೂ ಪೂರ್ತಿ ನಂಬಲಾರೆ. ಅದನ್ನು ಬರೆದವಳೂ ನಾನೇ ತಾನೆ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದು, ಕೆ.ಜಿ.ಎಫ್. ಚಿನ್ನದ ಗಣಿಗಳ ನಡುವಿನ ಊರಿಗಾಂನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಾಸ ಬಂಗಾರಪೇಟೆಯಲ್ಲಿ, ಸೋದರತ್ತೆಯ ಮನೆಯಲ್ಲಿ. ಬೆಳಗಿನ ರೈಲಿಗೆ ಹೋಗುವುದು, ಸಂಜೆಯ ರೈಲಿಗೆ ಬರುವುದು. ಚಳಿಗಾಲದಲ್ಲಿ ರೈಲು ಮಂಜಿನೊಳಗೆ ಹೋಗುತ್ತಿದ್ದರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಊರಲ್ಲ, ಸಯನೈಡ್ ದಿಬ್ಬಗಳು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದೂ ಸುರಿದೂ ಎದ್ದ ಬಿಳಿಚಿದ ಬೆಟ್ಟಗಳು. ಅವುಗಳ ಬುಡ ಮಂಜಿನಲ್ಲಿ ಮುಳುಗಿರುತ್ತಿತ್ತು, ತಲೆ ಮಾತ್ರ ತೇಲುತ್ತಿತ್ತು. ಎಷ್ಟೋ ದಿನ ಅರೆನಿದ್ದೆಯಲ್ಲಿ ಅವನ್ನು ನೋಡಿ, ನಾನು ಇನ್ನೂ ಎದ್ದೇ ಇಲ್ಲವೇನೋ ಅಂದುಕೊಂಡಿದ್ದೇನೆ.

ಹೆಬ್ಬಾವು ಗಣಿಯ ವೈದ್ಯರೊಬ್ಬರ ಹೆಂಡತಿಯದು. ನಾವೆಲ್ಲ ಅವರನ್ನು ಡಾಕ್ಟರಮ್ಮ ಎನ್ನುತ್ತಿದ್ದೆವು. ಬೂದಿಕೋಟೆಯ ಕಡೆ ಕಲ್ಲು ಒಡೆಯುವವರು ಹೊಡೆದುಹಾಕಲಿದ್ದ ಮರಿಯನ್ನು ಅವರು ಕೇಳಿ ತಂದು ಸಾಕಿದ್ದರು. ನಾನು ನೋಡುವ ಹೊತ್ತಿಗೆ ಅದು ನನ್ನ ಎತ್ತರ ಮೀರಿತ್ತು, ತೋಳಿನಷ್ಟು ದಪ್ಪವಿತ್ತು. ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಹೋದರೆ ಡಾಕ್ಟರಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ತೋರಿಸುತ್ತಿದ್ದರು. ಆದರೆ ಅದಕ್ಕೆ ಹೆಸರಿಟ್ಟಿರಲಿಲ್ಲ, ಮುದ್ದುಮಾತು ಆಡುತ್ತಿರಲಿಲ್ಲ. "ಅದಕ್ಕೆ ನಾನು ಯಾರೂ ಅಲ್ಲ ಮಕ್ಕಳೇ, ಬೆಚ್ಚಗಿರೋ ಒಂದು ಜಾಗ ಅಷ್ಟೆ," ಎನ್ನುತ್ತಿದ್ದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವರನ್ನು ಆಪರೇಷನ್ನಿಗೆ ಮದರಾಸಿಗೆ ಕರೆದೊಯ್ದರು. ಏನು ಕಾಯಿಲೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೊರಡುವ ದಿನ ಜಗಲಿಯಲ್ಲಿ ನನ್ನ ಕೈ ಹಿಡಿದುಕೊಂಡು, "ನಾನು ಬರೋ ಹೊತ್ತಿಗೆ ಆ ಪೆಟ್ಟಿಗೆ ಖಾಲಿ ಇರಬಾರದು. ಅಷ್ಟು ಮಾಡ್ತೀಯಾ?" ಎಂದರು. ನಾನು ಹೂಂ ಎಂದೆ. ಬರುತ್ತೀರೋ ಇಲ್ಲವೋ ಎಂದು ಕೇಳಬಾರದ ಹೊತ್ತಿನಲ್ಲಿ ಮನುಷ್ಯ ಯಾವುದಕ್ಕಾದರೂ ಹೂಂ ಎಂದುಬಿಡುತ್ತಾನೆ.

ಮೊದಲಿಗೆ ಕೆಲಸವೇನೂ ಇರಲಿಲ್ಲ. ಬಂಗಲೆ ನೋಡಿಕೊಳ್ಳಲು ವಯಸ್ಸಾದ ಬಟ್ಲರ್ ಒಬ್ಬ ಇದ್ದ, ನಂದಿದುರ್ಗ ಗಣಿಯ ಲೈನಿನವನು, ಎಂದರೆ ಕೂಲಿಕಾರರ ಸಾಲುಮನೆಗಳವನು. ನೀರು ಬದಲಿಸುವುದು, ಪೆಟ್ಟಿಗೆಯೊಳಗಿನ ವಿದ್ಯುತ್ ಬಲ್ಬು ಉರಿಯುತ್ತಿದೆಯೇ ನೋಡುವುದು, ಇಷ್ಟನ್ನು ಅವನೇ ಮಾಡುತ್ತಿದ್ದ. ಊಟ ಕೊಡುವ ದಿನ ಮಾತ್ರ ನಾನು ಬರುವುದೆಂದು ಮಾತಾಗಿತ್ತು. ಅವನು ನನ್ನನ್ನು ಕಾಯಲಿಲ್ಲ. ಒಂದು ದಿನ ಶಾಲೆಯ ಗೇಟಿನ ಹತ್ತಿರ ಬಂದು ನಿಂತಿದ್ದ, ತಲೆಯ ಮೇಲೆ ಕೈ ಹೊತ್ತುಕೊಂಡು.

"ಟೀಚರಮ್ಮಾ, ಎಲಿ ಪೋಯಿ ಪಾಂಬೆ ಕಡಿಚ್ಚಿಡುಚ್ಚಿ. ಇಲಿ ಹೋಗಿ ಹಾವನ್ನ ಕಚ್ಚೋದು ಎಲ್ಲಾದ್ರೂ ಕೇಳಿದ್ದೀರಾ?"

ಕೇಳಿದ್ದೆ, ಓದಿದ್ದೆ, ನೋಡಿರಲಿಲ್ಲ. ಹಾವಿಗೆ ಪೊರೆ ಬರುವ ಕಾಲ. ಆಗ ಅದರ ಕಣ್ಣಿಗೆ ಹಾಲು ಹನಿಸಿದಂತೆ ಮಸುಕು ಕವಿಯುತ್ತದೆ, ಹಸಿವಿರುವುದಿಲ್ಲ, ಮೈ ಮಂಕಾಗಿರುತ್ತದೆ. ಬಟ್ಲರ್ ಅದನ್ನು ಗಮನಿಸದೆ ಬೋನಿನಲ್ಲಿ ಬಿದ್ದಿದ್ದ ಇಲಿಯನ್ನು ಹಾಗೇ ಒಳಗೆ ಬಿಟ್ಟು, ಮುಚ್ಚಳ ಹಾಕಿ, ಮಗಳ ಮನೆಗೆ ಹೋಗಿ ಮಲಗಿದ್ದ. ಇಲಿ ಹಸಿದಿತ್ತು. ಅದಕ್ಕೆ ಅಲ್ಲಿ ತಿನ್ನಲು ಇದ್ದದ್ದು ಒಂದೇ. ಹೆಬ್ಬಾವಿನ ಬೆನ್ನಿನ ಮೇಲೆ ಮೂರು ಕಡೆ ಮಾಂಸ ಕಾಣುವಷ್ಟು ಕೊರೆದಿತ್ತು. ಹಾವು ಸುರುಳಿಯೊಳಗೆ ತಲೆ ಬಚ್ಚಿಟ್ಟುಕೊಂಡು, ತನ್ನ ಬೆನ್ನು ಬೇರೆ ಯಾರದೋ ಎಂಬಂತೆ ಬಿದ್ದಿತ್ತು.

ಆಮೇಲಿನ ವಾರಗಳೆಲ್ಲ ನನಗೆ ಈಗ ಒಂದೇ ಮಧ್ಯಾಹ್ನದ ಹಾಗೆ ಕಾಣುತ್ತವೆ. ಶಾಲೆ ಬಿಟ್ಟ ಮೇಲೆ ಬಂಗಲೆಗೆ ಹೋಗುವುದು, ಕುದಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆಯುವುದು, ನೇರಳೆ ಬಣ್ಣದ ಔಷಧ ಹಚ್ಚುವುದು. ಬಟ್ಲರ್ ತಲೆ ಹಿಡಿಯುತ್ತಿದ್ದ; ಹಿಡಿದಷ್ಟೂ ಹೊತ್ತು ಹಾವಿಗೆ ತಮಿಳಿನಲ್ಲಿ ಕ್ಷಮೆ ಕೇಳುತ್ತಿದ್ದ. ನನ್ನ ಬೆರಳುಗಳು ಯಾವಾಗಲೂ ನೇರಳೆ. "ಟೀಚರ್, ನೇರಳೆಹಣ್ಣಿನ ಕಾಲ ಇನ್ನೂ ಬಂದಿಲ್ವಲ್ಲ?" ಎಂದು ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು.

ಗಾಯ ಕಟ್ಟುತ್ತ ಬಂತು. ಆದರೆ ಹಾವು ತಿನ್ನಲಿಲ್ಲ. ಬೆನ್ನುಮೂಳೆಯ ಗೆರೆ ಎದ್ದು ಕಾಣತೊಡಗಿತು, ಚರ್ಮ ಪಕ್ಕೆಯಲ್ಲಿ ಮಡಿಕೆ ಬಿತ್ತು. ಬಟ್ಲರ್ ದಿನಾ ಹೇಳುತ್ತಿದ್ದ: "ಪಟ್ಟಿನಿ ಕೆಡಕ್ಕುದಮ್ಮಾ, ಉಪವಾಸ ಬಿದ್ದಿದೆ. ದೊರೆಸಾನಿ ಬಂದು ಕೇಳಿದ್ರೆ ನಾನು ಯಾವ ಮುಖ ತೋರಿಸ್ಲಿ?"

ಅಷ್ಟರಲ್ಲಿ ನನಗೆ ನಾನೇ ಒಂದು ಕ್ರಮ ಮಾಡಿಕೊಂಡಿದ್ದೆ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪವಿರಬಾರದು. ಲೈನುಗಳಲ್ಲಿ ಇಲಿಪಾಷಾಣ ಇಡುತ್ತಿದ್ದರು, ಆದ್ದರಿಂದ ಬೋನಿಗೆ ಬಿದ್ದ ಇಲಿಯನ್ನು ಕೆಲವು ದಿನ ಇಟ್ಟುಕೊಂಡು ನೋಡಬೇಕು. ವಿಷ ತಿಂದದ್ದಾದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಆ ದಿನಗಳಲ್ಲಿ ಅದಕ್ಕೆ ಕಾಳು, ನೀರು ಧಾರಾಳವಾಗಿ ಕೊಡಬೇಕು, ಯಾಕೆಂದರೆ ಹೊಟ್ಟೆ ತುಂಬಿದ ಇಲಿ ಹಾವಿಗೆ ಬಾಯಿ ಹಾಕುವುದು ಕಡಿಮೆ. ಒಳಗೆ ಬಿಟ್ಟ ಮೇಲೆ ಪಕ್ಕದಿಂದ ಏಳಬಾರದು, ಇಕ್ಕಳ ಕೈಯಲ್ಲೇ ಇರಬೇಕು, ಹಾವು ಒಲ್ಲೆನೆಂದರೆ ಇಲಿಯನ್ನು ಕೂಡಲೇ ತೆಗೆದುಬಿಡಬೇಕು. ಎಲ್ಲಕ್ಕಿಂತ ಒಳ್ಳೆಯದು ಸತ್ತ ಇಲಿಯನ್ನೇ ಕೊಡುವುದು. ಅದನ್ನೇ ಮೊದಲು ಮಾಡಿದೆ. ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಜೀವವಿದ್ದಂತೆ ಅಲ್ಲಾಡಿಸಿದೆ. ಹೆಬ್ಬಾವು ನಾಲಗೆ ಆಡಿಸಿ ನೋಡಿ ಮುಖ ತಿರುಗಿಸಿತು. ಮತ್ತೊಂದು ದಿನವೂ ಅಷ್ಟೆ. ಮೊದಲಿನಿಂದಲೂ ಜೀವಂತ ಬೇಟೆಗೇ ಒಗ್ಗಿದ ಪ್ರಾಣಿ. ನನ್ನ ನಾಟಕ ಅದಕ್ಕೆ ಹಿಡಿಸಲಿಲ್ಲ.

ಆಮೇಲೆ ಜೀವಂತ ಇಲಿ ಬಿಟ್ಟೆ. ಇಲ್ಲಿ ನನ್ನ ನೆನಪು ಬಹಳ ಸ್ಪಷ್ಟವಾಗಿದೆ, ಅದೇ ನನಗೆ ಅನುಮಾನ. ಸಂಜೆಯ ಬಿಸಿಲು ಜಾಲರಿಯಿಂದ ಒಳಗೆ ಬಿದ್ದು ಹಾವಿನ ಮೈಮೇಲಿನ ಕಂದು ಪಟ್ಟೆಗಳ ಮೇಲೆ ಇನ್ನೊಂದು ಬಲೆ ನೇಯ್ದಿತ್ತು. ತಲೆ ನಿಧಾನವಾಗಿ ಎದ್ದಿತು. ಅದು ಹೊಡೆದದ್ದು ಕಾಣಲಿಲ್ಲ. ಹೊಡೆದಾದ ಮೇಲಿನದಷ್ಟೇ ಕಂಡಿತು. ಎರಡು ಸುರುಳಿ, ನಡುವೆ ಇಲಿಯ ಬಾಲ. ಬಟ್ಲರ್ ಕೈ ಮುಗಿದ. ಆಗಲೇ ನೆಲ ನಡುಗಿತು.

ಕೆ.ಜಿ.ಎಫ್.ನಲ್ಲಿ ನೆಲ ನಡುಗುವುದು ಸುದ್ದಿಯಲ್ಲ. ಪಾಳಿ ಬದಲಾಗುವ ಹೊತ್ತಿಗೆ ಆಳದಲ್ಲಿ ಸಿಡಿಮದ್ದು ಹಾರಿಸುತ್ತಿದ್ದರು. ಅದಲ್ಲದೆ ಒಮ್ಮೊಮ್ಮೆ ಬಂಡೆಯೇ ತಾನಾಗಿ ಸಿಡಿಯುತ್ತಿತ್ತು, ರಾಕ್‌ಬರ್ಸ್ಟ್ ಎನ್ನುತ್ತಿದ್ದರು. ನಮ್ಮ ತರಗತಿಯಲ್ಲಿ ಹುಡುಗಿಯರು ಬರೆಯುವುದನ್ನು ನಿಲ್ಲಿಸಿ, ಗಣಿಗೆ ಇಳಿದ ಅಪ್ಪಂದಿರನ್ನು ನೆನೆದು ಒಂದು ಗಳಿಗೆ ಕಣ್ಣು ಮುಚ್ಚಿ, ಮತ್ತೆ ಬರೆಯುತ್ತಿದ್ದರು. ಅಂದಿನದು ಅಂಥದ್ದೇ. ಅಡುಗೆಮನೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಹೆಬ್ಬಾವಿನ ಸುರುಳಿ ಸಡಿಲವಾಯಿತು. ಇಲಿ ಇನ್ನೂ ಬದುಕಿತ್ತು. ಅದು ಮೂಲೆಗೆ ಓಡಿ ಹಲ್ಲು ಕಿರಿದು ತಿರುಗಿ ನಿಂತಿತು. ನಾನು ಗೋಣಿಚೀಲ ಎಸೆದು, ಇಕ್ಕಳದಿಂದ ಅದನ್ನು ಹೇಗೋ ಹೊರಗೆ ಎಳೆದೆ. ಈ ಸಲ ಕಚ್ಚಿರಲಿಲ್ಲ. ಆದರೆ ಅಂದಿನಿಂದ ಇಲಿಯ ವಾಸನೆ ಬಂದರೆ ಸಾಕು, ಹಾವು ನೀರಿನ ಬಾನಿಯ ಹಿಂದೆ ಸರಿದುಹೋಗುತ್ತಿತ್ತು.

ಪೆಟ್ಟಿಗೆಯ ಕೆಳಗೆ ಹತ್ತಿಯ ಹಾಸಿಗೆ ಹಾಕಿದೆವು. ಅದನ್ನು ಹಗ್ಗದ ಮಂಚದ ಮೇಲೆ ಎತ್ತಿಟ್ಟೆವು. ನಾನು ಪೆಟ್ಟಿಗೆಯ ಹಲಗೆಗೆ ಅಂಗೈ ಒತ್ತಿಕೊಂಡು ಕೂತು, ನಮಗೆ ಗೊತ್ತಾಗದ ಸಣ್ಣ ನಡುಕಗಳನ್ನೂ ಹಿಡಿಯಲು ನೋಡಿದೆ. ಕೆಲವು ಸಲ ಇಡೀ ನೆಲ ಉಸಿರಾಡುತ್ತಿದೆ ಅನ್ನಿಸಿತು. ಅದು ಗಣಿಯೋ, ನನ್ನ ನಾಡಿಯೋ ಹೇಳಲಾರೆ. ಹೊಟ್ಟೆಯಿಡೀ ನೆಲಕ್ಕೆ ಒತ್ತಿಕೊಂಡು ಬದುಕುವ ಪ್ರಾಣಿಗೆ ಇಲ್ಲಿ ನಿಶ್ಚಿಂತೆಯಿಂದ ಉಣ್ಣಲು ಆಗದು ಎಂದು ನನಗೆ ಖಾತ್ರಿಯಾಯಿತು. ಅದು ಮರಿಯಾಗಿದ್ದಾಗಿನಿಂದ ಇದೇ ನೆಲದ ಮೇಲೆ ಉಂಡಿತ್ತಲ್ಲ ಎಂಬ ಪ್ರಶ್ನೆ ಆಗ ಹೊಳೆಯಲಿಲ್ಲವೋ, ಹೊಳೆದರೂ ಬದಿಗೆ ತಳ್ಳಿದೆನೋ, ಗೊತ್ತಿಲ್ಲ. ಮೈಯಲ್ಲಿ ಗಾಯವಿದ್ದ ಹಾವು ಬೇರೆ, ಇಲ್ಲದ ಹಾವು ಬೇರೆ ಎಂದು ಈಗ ವಾದ ಹೂಡಬಲ್ಲೆ. ಆಗ ನನಗಿದ್ದದ್ದು ವಾದವಲ್ಲ, ಅವಸರ. ಹೆಬ್ಬಾವನ್ನು ನೆಲ ನಡುಗದ ಬಂಗಾರಪೇಟೆಗೆ ಒಯ್ಯುವುದೆಂದು ನಿಶ್ಚಯಿಸಿದೆ.

ಹಾವನ್ನು ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ, ಚೀಲವನ್ನು ಮುಚ್ಚಳವಿದ್ದ ಬೆತ್ತದ ಬುಟ್ಟಿಯಲ್ಲಿಟ್ಟು ಸಂಜೆಯ ರೈಲಿನ ಹೆಂಗಸರ ಡಬ್ಬಿ ಹತ್ತಿದೆ. ಬಟ್ಲರ್ ಪ್ಲಾಟ್‌ಫಾರಂನ ಮೇಲೆ ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ನಿಂತಿದ್ದ. ಎದುರು ಕೂತಿದ್ದ ತರಕಾರಿ ಮಾರುವ ಹೆಂಗಸು ಕಾಲು ಚಾಚಿ ಬುಟ್ಟಿಗೆ ಒರಗಿಸಿದಳು.

"ಏನಮ್ಮಾ ಬುಟ್ಟೀಲಿ? ಅವರೇಕಾಯಾ?"

"ಅಲ್ಲಮ್ಮ, ಬಟ್ಟೆ."

"ಬಟ್ಟೆ ಇಷ್ಟ್ ತಣ್ಣಗಿರ್ತದಾ? ಒಗ್ದಿದ್ದ ಇಂಡ್ಲೇ ಇಲ್ವಾ ನೀನು?" ಎಂದು ನಕ್ಕು, ಕಾಲನ್ನು ಇನ್ನಷ್ಟು ಆರಾಮವಾಗಿ ಒರಗಿಸಿಕೊಂಡಳು. ಬಂಗಾರಪೇಟೆ ಬರುವವರೆಗೆ ನಾನು ಬುಟ್ಟಿಯ ಮುಚ್ಚಳ ಒತ್ತಿ ಹಿಡಿದೇ ಕೂತಿದ್ದೆ. ಕಿಟಕಿಯ ಹೊರಗೆ ದಿಬ್ಬಗಳು ಕೆಂಪಾಗಿ, ಬೂದಿಯಾಗಿ, ಇಲ್ಲವಾದವು.

ಅತ್ತೆಗೆ ಮೊದಲೇ ಹೇಳಿರಲಿಲ್ಲ. ಅವಳು ಬೂದಿಕೋಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು, ಮಾವ ತೀರಿಕೊಂಡ ಮೇಲೆ ಒಂದು ಎಮ್ಮೆ ಇಟ್ಟುಕೊಂಡು ಹಾಲು ಹಾಕುತ್ತಿದ್ದಳು. ಬಾಗಿಲಲ್ಲೇ ಬುಟ್ಟಿ ನೋಡಿದಳು.

"ಏನ್ಲೇ ಅದು?"

"ಹೆಬ್ಬಾವು ಅತ್ತೆ."

"ನಗುಸ್ಬ್ಯಾಡ, ಒಲೆ ಮ್ಯಾಲೆ ಸಾರದೆ." ನಾನು ನಗುತ್ತಿಲ್ಲವೆಂದು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ನಮ್ಮಪ್ಪಾ! ಲೋಕ್ದಾಗೆ ಎಲ್ಲಾ ಮನೇಗೆ ಎಮ್ಮೆ ತತ್ತಾರೆ, ಮೇಕೆ ತತ್ತಾರೆ. ಇವ್ಳು ಮೈಸೂರ್‌ಗಂಟ ಓಗಿ ಓದ್ಕಂಬಂದು ಆವು ತಂದವ್ಳೆ. ಎಷ್ಟು ದಿನ ಇರ್ತದೆ ಈ ನೆಂಟ್ರು?"

"ಒಂದು ಸಲ ಉಣ್ಣೋ ತನಕ. ಉಂಡು ಅರಗಿಸಿಕೊಂಡರೆ ವಾಪಸು ಒಯ್ತೀನಿ."

"ಉಂಡಿಲ್ವಾ ಅದು?"

"ಇಲ್ಲ ಅತ್ತೆ. ಎರಡು ತಿಂಗಳ ಮೇಲಾಯ್ತು."

ಅಷ್ಟು ಹೇಳಿದ್ದೇ ತಪ್ಪಾಯಿತು. ಅತ್ತೆಯ ಮುಖದಲ್ಲಿದ್ದ ಹೆದರಿಕೆ ಹೋಗಿ ಬೇರೆ ಏನೋ ಬಂತು.

ಆ ಮನೆಯಲ್ಲಿ ಅತ್ತೆ ಉಣ್ಣುವುದಕ್ಕೆ ಒಂದು ಸರದಿ ಇತ್ತು. ಕಾಗೆಗೆ ಒಂದು ತುತ್ತು, ಎಮ್ಮೆಗೆ ಕಲಗಚ್ಚು, ಬೀದಿಯ ನಾಯಿಗೆ ಒಂದು ಮುರುಕು ಮುದ್ದೆ, ಹೊಸಲಿನ ಇರುವೆಸಾಲಿಗೆ ಚಿಟಿಕೆ ಹಿಟ್ಟು, ಆಮೇಲೆ ನಾನು, ಕೊನೆಗೆ ಅವಳು. ಮನೆಯ ಹೊಸಲೊಳಗೆ ಹಸಿದ ಜೀವವಿರುವಾಗ ಅವಳ ಕೈ ತಟ್ಟೆಗೆ ಹೋಗುತ್ತಿರಲಿಲ್ಲ. ಇದನ್ನು ಅವಳು ವ್ರತ ಎನ್ನುತ್ತಿರಲಿಲ್ಲ. ಅದಕ್ಕೆ ಏನೂ ಎನ್ನುತ್ತಿರಲಿಲ್ಲ. ನಾನು ವರ್ಷಗಟ್ಟಲೆ ಅದನ್ನು ನೋಡಿದ್ದೆ, ಆದರೆ ಬುಟ್ಟಿ ಹೊತ್ತು ರೈಲು ಹತ್ತುವಾಗ ಒಮ್ಮೆಯೂ ನೆನೆಯಲಿಲ್ಲ.

ಹೆಬ್ಬಾವಿಗೆ ಉಗ್ರಾಣದ ಕೋಣೆ ಕೊಟ್ಟೆವು. ಬಚ್ಚಲ ಹಂಡೆಯ ಒಲೆಗೂ ಉಗ್ರಾಣಕ್ಕೂ ಒಂದೇ ಗೋಡೆ. ಬೆಳಗ್ಗೆ ನೀರು ಕಾಯಿಸಿದರೆ ಆ ಗೋಡೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತಿತ್ತು. ಆ ಮನೆಗೆ ಇನ್ನೂ ವಿದ್ಯುತ್ ಬಂದಿರಲಿಲ್ಲ, ಹಾಗಾಗಿ ಗೋಡೆಯೇ ಬಲ್ಬು. ರಾಗಿ ತುಂಬುವ ಹಳೆಯ ಮರದ ಪೆಟ್ಟಿಗೆಗೆ ಜಾಲರಿಯ ಮುಚ್ಚಳ ಮಾಡಿಸಿ ಗೋಡೆಗೆ ತಾಗಿಸಿಟ್ಟೆ.

ಮೊದಲ ರಾತ್ರಿಯೂಟಕ್ಕೆ ಅತ್ತೆಯನ್ನು ಕರೆದೆ.

"ಅದು ಉಣ್ತಾ?"

"ಅದಕ್ಕೆ ಈಗಲೇ ಕೊಡೋ ಹಾಗಿಲ್ಲ ಅತ್ತೆ. ಹೊಸ ಜಾಗ, ಹೆದರಿದೆ. ಕೆಲವು ದಿನ ಅದರ ಪಾಡಿಗೆ ಬಿಡಬೇಕು."

"ಅಂಗಾರೆ ನಂಗೂ ಬ್ಯಾಡ."

"ಹೆಬ್ಬಾವು ತಿಂಗಳುಗಟ್ಟಲೆ ತಿನ್ನದೆ ಇರುತ್ತೆ. ಅದರ ಮೈ ಹಾಗೆ."

"ಅದರ ಮೈ ಅಂಗಿರ್ಬೌದು," ಎಂದಳು ಅತ್ತೆ. "ನನ್ ಮನೆ ಅಂಗಿಲ್ಲ."

ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದಳು. ಮರುದಿನವೂ ಅಷ್ಟೆ. ಅದರ ಮರುದಿನವೂ. ನಾನು ಶಾಲೆಗೆ ಹೋದಾಗ ಮಧ್ಯಾಹ್ನ ಗುಟ್ಟಾಗಿ ಏನಾದರೂ ತಿನ್ನುತ್ತಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಗೆ ಅಂದುಕೊಳ್ಳದಿದ್ದರೆ ನನ್ನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಆದರೆ ಸಂಜೆ ಬಂದು ನೋಡಿದರೆ ಪಾತ್ರೆಗಳು ನಾನು ತೊಳೆದಿಟ್ಟ ಹಾಗೇ ಇರುತ್ತಿದ್ದವು. ಒಂದು ಬೆಳಗ್ಗೆ ಹಾಲು ಕರೆಯುತ್ತಿದ್ದವಳು ಎಮ್ಮೆಯ ಹೊಟ್ಟೆಗೆ ಹಣೆಯಿಟ್ಟು ಬಹಳ ಹೊತ್ತು ಹಾಗೇ ಕೂತಿದ್ದಳು. ಚೊಂಬಿನೊಳಗೆ ಹಾಲು ಬೀಳುವ ಸದ್ದು ನಿಂತಿತ್ತು. ಕರೆದರೆ, "ಏನಿಲ್ಲ, ಅದರ ಹೊಟ್ಟೇಲಿ ಗುಡುಗುಡು ಅಂತದೆ, ಕೇಳ್ತಿದ್ದೆ," ಎಂದಳು.

ಈಗ ನನ್ನ ಮುಂದೆ ಎರಡು ಜೀವಗಳಿದ್ದವು, ಎರಡರ ಲೆಕ್ಕವೂ ಒಂದಕ್ಕೊಂದು ವಿರುದ್ಧ. ಅವಸರ ಮಾಡಿ ಹೆದರಿದ ಹಾವಿನ ಮುಂದೆ ಇಲಿ ಬಿಟ್ಟರೆ, ಮತ್ತೊಮ್ಮೆ ಕಚ್ಚಿಸಿಕೊಂಡರೆ, ಆ ಬಡಕಲು ಮೈ ತಡೆಯುವುದಿಲ್ಲ. ಕಾದರೆ ಅತ್ತೆ ನೆಲ ಹಿಡಿಯುತ್ತಾಳೆ. ಹಾವನ್ನು ವಾಪಸು ಒಯ್ದುಬಿಡುತ್ತೇನೆ ಎಂದು ಹೆದರಿಸಿಯೂ ನೋಡಿದೆ. "ಉಪಾಸ ಕಳುಸ್ತೀಯಾ? ನಮ್ಮನೆ ಬಾಗ್ಲಿಂದ?" ಎಂದು ಅವಳೇ ನನ್ನನ್ನು ಹೆದರಿಸಿದಳು.

ಇಲಿಯನ್ನು ಪರಿಚಯದ ಧಾನ್ಯದ ಮಂಡಿಯವರು ಬೋನಿನ ಸಮೇತ ಕೊಟ್ಟಿದ್ದರು. ಅಲ್ಲಿ ವಿಷ ಇಡುತ್ತಿರಲಿಲ್ಲ, ಆದರೂ ಕಾದು ನೋಡಬೇಕಿತ್ತು. ಬೋನು ಅಡುಗೆಮನೆಯ ಮೂಲೆಯಲ್ಲಿತ್ತು. ಅದಕ್ಕೆ ಹೊಟ್ಟೆ ತುಂಬ ಹಾಕಬೇಕೆಂದು ನಾನು ಹೇಳಿದಾಗ ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು.

"ಸಾಯಕ್ ಓಗೋ ಜೀವಕ್ಕೆ ಉಣ್ಣಕ್ ಇಕ್ಕಿ ಕಳುಸ್ಬೇಕು ಅಂತ ನಿನ್ ಪುಸ್ತಕ್ದಾಗೂ ಬರ್ದವ್ರಾ?"

"ಅದಕ್ಕಲ್ಲ ಅತ್ತೆ. ಹಸಿದಿದ್ರೆ ಹಾವನ್ನ ಕಚ್ಚುತ್ತೆ."

"ಊಂ," ಎಂದಳು.

ಅಂದಿನಿಂದ ಇಲಿಯ ಊಟ ಅವಳದೇ ಪಾಲಿಗೆ ಬಂತು. ಮುದ್ದೆಯ ಚೂರು, ಕಡಲೆಕಾಯಿ, ಬೇಯಿಸಿದ ಅವರೆಕಾಳು. ಮೊದಮೊದಲು ಬೋನಿನ ಹಿಂದಕ್ಕೆ ಅಂಟಿಕೊಳ್ಳುತ್ತಿದ್ದ ಇಲಿ, ಅವಳ ಬಳೆ ಸದ್ದಾದರೆ ತಂತಿಗೆ ಮೂಗು ಚಾಚತೊಡಗಿತು. "ತಿನ್ನಲಾ, ತಿನ್ನು, ಯಾರ್ದೂ ಕಿತ್ಕಂಡಿಲ್ಲ ನೀನು," ಎನ್ನುತ್ತಿದ್ದಳು. ಎರಡು ಕೋಣೆಗಳಲ್ಲಿ ಎರಡು ಪ್ರಾಣಿಗಳು. ಒಂದು ಉಣ್ಣದೆ ಒಣಗುತ್ತಿತ್ತು, ಇನ್ನೊಂದು ಉಂಡು ಮಿರುಗುತ್ತಿತ್ತು. ನಡುವಿನ ಕೋಣೆಯಲ್ಲಿ ಅತ್ತೆ ಮಜ್ಜಿಗೆಯ ಲೋಟ ಹಿಡಿದು ಕೂತಿರುತ್ತಿದ್ದಳು. ನನಗೆ ಆ ದಿನಗಳು ನೀರಿನ ಕೆಳಗೆ ಕಳೆದಂತಿವೆ. ಸದ್ದುಗಳೆಲ್ಲ ದೂರದಿಂದ ಬರುತ್ತಿದ್ದವು, ರೈಲಿನ ಕೂಗು ಕೂಡ.

ಅಷ್ಟರಲ್ಲಿ ಹೆಬ್ಬಾವಿನ ಕಣ್ಣಿಗೆ ಮತ್ತೆ ಮಸುಕು ಬಂತು. ಗಾಯವಾದ ಹಾವು ಬೇಗ ಬೇಗ ಪೊರೆ ಬಿಡುತ್ತದೆ. ಒದ್ದೆ ಗೋಣಿಯ ತುಂಡು ಹಾಕಿಕೊಟ್ಟೆ. ಒಂದು ಬೆಳಗ್ಗೆ ನೋಡಿದರೆ ಪೊರೆ ಪೆಟ್ಟಿಗೆಯ ಉದ್ದಕ್ಕೂ ಬಿದ್ದಿತ್ತು, ಗಾಯದ ಮೂರು ಕಡೆ ಮಾತ್ರ ಹರಿದಿತ್ತು. ಹಾವು ಹೊಸ ನೀರಿನಲ್ಲಿ ತೊಳೆದಂತೆ ಹೊಳೆಯುತ್ತಿತ್ತು, ಕಣ್ಣು ತಿಳಿಯಾಗಿತ್ತು. ನನ್ನತ್ತ ತಲೆ ತಿರುಗಿಸಿ ನಾಲಗೆ ಆಡಿಸಿತು. ಇವತ್ತು ಸಂಜೆ ಎಂದುಕೊಂಡೆ.

ಸಂಜೆ ಕಿಟಕಿಗೆ ಗೋಣಿ ಕಟ್ಟಿ ಬೆಳಕು ತಗ್ಗಿಸಿದೆ. ಇಲಿಯನ್ನು ಬಾಲ ಹಿಡಿದು ಇಕ್ಕಳದಲ್ಲಿ ಇಳಿಬಿಟ್ಟೆ, ಕಾಲು ನೆಲಕ್ಕೆ ತಾಗುವಷ್ಟು. ಹೆಬ್ಬಾವಿನ ಕುತ್ತಿಗೆ ಮೆಲ್ಲನೆ ಹಿಂದಕ್ಕೆ ಬಾಗಿತು. ಹೊಡೆಯುವ ಮುಂಚಿನ ಆ ಬಾಗು ನನಗೆ ಗೊತ್ತಿತ್ತು. ಅಷ್ಟರಲ್ಲಿ ಇಲಿ ಕಿರುಚಿತು. ಅದರ ಹಲ್ಲು ಕಂಡಿತು, ಹಾವಿನ ಬೆನ್ನಿನ ಮೂರು ಕಲೆಗಳು ಕಂಡವು. ನನ್ನ ಕೈ ನನ್ನನ್ನು ಕೇಳದೆ ಇಲಿಯನ್ನು ಮೇಲೆತ್ತಿತು.

"ಯಾಕ್ ಎಳ್ಕಂಡೆ?" ಹಿಂದಿನಿಂದ ಅತ್ತೆಯ ಧ್ವನಿ. ಅವಳು ಬಾಗಿಲಲ್ಲಿ ನಿಂತಿದ್ದದ್ದು ನನಗೆ ಗೊತ್ತಿರಲಿಲ್ಲ.

"ಕಚ್ಚಿಬಿಟ್ಟಿದ್ರೆ?"

"ಕಚ್ತಿರ್ಲಿಲ್ಲ."

"ನಿನಗೆ ಹೇಗೆ ಗೊತ್ತು ಅತ್ತೆ?"

ಅವಳು ಇಲಿಯನ್ನು ಬೋನಿಗೆ ಹಾಕಿಸಿ, ನನ್ನ ಕೈಯಿಂದ ಬೋನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಇಲಿಗೆ ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಅತ್ತೆ ಅಂದೂ ಉಣ್ಣಲಿಲ್ಲ.

ಮರುದಿನ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು, ರಜೆ ಹಾಕುವಂತಿರಲಿಲ್ಲ. ಹೊರಡುವಾಗ ಅತ್ತೆ ಗೋಡೆ ಹಿಡಿದು ನಡೆಯುತ್ತಿದ್ದಳು. ಇವತ್ತು ಬಂದು ಏನಾದರಾಗಲಿ ಇಲಿಯನ್ನು ಬಿಟ್ಟೇಬಿಡುತ್ತೇನೆ ಎಂದು ರೈಲಿನಲ್ಲಿ ನಿಶ್ಚಯ ಮಾಡಿದೆ. ಊರಿಗಾಂ ಬರುವಷ್ಟರಲ್ಲಿ ನಿಶ್ಚಯ ಕರಗಿತ್ತು. ಇಡೀ ದಿನ ಹುಡುಗಿಯರಿಗೆ ಏನು ಪಾಠ ಹೇಳಿದೆನೋ ತಿಳಿಯದು. ಮಧ್ಯಾಹ್ನ ಒಮ್ಮೆ ನೆಲ ನಡುಗಿತು. ಎಲ್ಲರೂ ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ನನಗೆ ಕಂಡದ್ದು ಎಮ್ಮೆಯ ಹೊಟ್ಟೆಗೆ ಒರಗಿದ ಅತ್ತೆಯ ಹಣೆ.

ಸಂಜೆ ಮನೆಯ ಬಾಗಿಲು ತ‌ಳ್ಳಿದಾಗ ದೀಪ ಹಚ್ಚುವ ಹೊತ್ತು. ಹಿತ್ತಲಿನ ಬೆಳಕಿನಲ್ಲಿ ಅತ್ತೆ ಗೋಡೆಗೆ ಒರಗಿ, ಮುಂದೆ ತಟ್ಟೆಯಿಟ್ಟುಕೊಂಡು ಕೂತಿದ್ದಳು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನಿಧಾನವಾಗಿ ನುಂಗುತ್ತಿದ್ದಳು. ತಲೆಯೆತ್ತಲಿಲ್ಲ. ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟೆ. ಉಗ್ರಾಣಕ್ಕೆ ಹೋಗಿ ನೋಡುವ ಮೊದಲೇ ನನಗೆ ಗೊತ್ತಾಯಿತು.

ಹೆಬ್ಬಾವು ಬೆಚ್ಚಗಿನ ಗೋಡೆಯ ಬದಿಗೆ ಸಡಿಲವಾಗಿ ಮಲಗಿತ್ತು. ತಲೆಯಿಂದ ಸ್ವಲ್ಪ ಕೆಳಗೆ ಮೈ ಉಬ್ಬಿತ್ತು. ದೀಪ ತಂದು ಉದ್ದಕ್ಕೂ ನೋಡಿದೆ: ಹೊಸ ಗಾಯ ಒಂದೂ ಇಲ್ಲ. ಪೆಟ್ಟಿಗೆಯ ಪಕ್ಕದಲ್ಲಿ ಅತ್ತೆ ಕೂರುವ ಮಣೆಯಿತ್ತು, ಅದರ ಹತ್ತಿರ ನನ್ನ ಇಕ್ಕಳ. ಅವಳು ಕೊನೆಯವರೆಗೂ ಅಲ್ಲಿಂದ ಎದ್ದಿಲ್ಲ ಎಂದು ಅದರಿಂದ ತಿಳಿಯಿತು. ಬೋನನ್ನು ತೊಳೆದು ಬಾವಿಕಟ್ಟೆಯ ಮೇಲೆ ಮಗುಚಿಟ್ಟಿದ್ದಳು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಒಂದು ಕಾಳು, ಒಂದು ಸಿಪ್ಪೆ, ಏನೂ ಉಳಿದಿರಲಿಲ್ಲ.

ಅತ್ತೆ ತನ್ನ ಕೈಯಿಂದ ಒಂದು ಕೋಳಿಯನ್ನೂ ಕೊಯ್ದವಳಲ್ಲ. ಜಿರಲೆಯನ್ನು ಮೊರದಲ್ಲಿ ಹೊತ್ತು ಹೊರಗೆ ಬಿಡುವವಳು.

ವಾಪಸು ಬಂದು ಅವಳ ಎದುರು ಕೂತೆ. ಕೇಳಲು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ನನ್ನ ಕೆಲಸದ ಪ್ರಶ್ನೆ. ಇಲಿಯ ಹೊಟ್ಟೆ ತುಂಬಿತ್ತೋ ಇಲ್ಲವೋ ಎಂದು ತಿಳಿದರೆ, ಅದು ಯಾಕೆ ಕಚ್ಚಲಿಲ್ಲ ಎಂದು ಬರೆದಿಡಬಹುದಿತ್ತು. ಹಾಗೆಂದೇ ಆಗ ಅಂದುಕೊಂಡೆ. ಕೇಳಿದೆ. ಅತ್ತೆ ಬಾಯಿಯ ತುತ್ತು ನುಂಗಿ, ಬೆರಳಿನಿಂದ ತಟ್ಟೆಯನ್ನು ಒರೆಸಿದಳು.

"ತಟ್ಟೆ ಆಕ್ಕೋ," ಎಂದಳು. "ಸಾರು ಆರೋಗ್ತದೆ."

ಉಂಡ ಹಾವನ್ನು ಮುಟ್ಟಬಾರದು, ಮುಟ್ಟಿದರೆ ಕಕ್ಕಿಬಿಡುತ್ತದೆ. ಅದು ಅರಗಿಸಿಕೊಳ್ಳುವವರೆಗೆ ಉಗ್ರಾಣದ ಬಾಗಿಲು ಹಾಕಿಯೇ ಇತ್ತು. ಅತ್ತೆ ರಾಗಿಯನ್ನು ಪಕ್ಕದ ಮನೆಯಿಂದ ಕಡ ತಂದಳು. ಆಮೇಲೆ ಬೇರೆ ಇಲಿ, ಬೇರೆ ಸಂಜೆ. ಆ ಸಲ ನಾನೇ ಬಿಟ್ಟೆ, ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅದೂ ಅರಗಿದ ಮೇಲೆ ಹಾವನ್ನು ಊರಿಗಾಂನ ಪೆಟ್ಟಿಗೆಗೆ ವಾಪಸು ಒಯ್ದೆ. ಬೇಸಿಗೆಯ ಬಿಸಿಲೇರುವ ಹೊತ್ತಿಗೆ ಡಾಕ್ಟರಮ್ಮ ಮದರಾಸಿನಿಂದ ಬಂದರು, ಸೊರಗಿ ಅರ್ಧವಾಗಿ, ಆದರೆ ಬಂದರು. ಬಟ್ಲರ್ ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಅವರು ಹಾವಿನ ಬೆನ್ನಿನ ಮೇಲೆ ಬೆರಳಾಡಿಸಿ, ಮೂರು ಕಲೆಗಳ ಮೇಲೂ ತಡೆದು, "ನನಗೂ ಇಷ್ಟೇ ಉದ್ದ ಹೊಲಿದಿದ್ದಾರೆ," ಎಂದರು.

ಹೆಬ್ಬಾವು ಉಂಡದ್ದು ಬಂಗಾರಪೇಟೆಯ ನೆಲ ನಡುಗದ್ದರಿಂದಲೋ, ಬಚ್ಚಲ ಗೋಡೆಯ ಬಿಸಿಗೋ, ಪೊರೆ ಬಿಟ್ಟು ಹಸಿವು ಮರಳಿದ್ದಕ್ಕೋ, ಚಳಿಗಾಲ ತಾನಾಗಿ ಕಳೆದದ್ದಕ್ಕೋ ನನಗೆ ತಿಳಿಯದು. ಒಂದು ಸಲ ನಡೆದದ್ದರಿಂದ ಕಾರಣ ತೆಗೆಯಬಾರದು ಎಂದು ನಾನೇ ಮಕ್ಕಳಿಗೆ ಹೇಳಿಕೊಡುತ್ತೇನೆ. ತಿಳಿಯಬಹುದಾಗಿದ್ದದ್ದು ಒಂದೇ, ಅದು ಅತ್ತೆಗೆ ಮಾತ್ರ ಗೊತ್ತು.

ಇಷ್ಟು ವರ್ಷಗಳಾದ ಮೇಲೆ, ಈ ಚಳಿಗಾಲದಲ್ಲಿ ಮತ್ತೆ ಕೇಳಿದೆ. ಅತ್ತೆ ಹಿತ್ತಲಿನಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದಳು. ಬೇಳೆಗಳು ಒಂದೊಂದೇ ಜಾರಿ ಬೋಗುಣಿಗೆ ಬೀಳುತ್ತಿದ್ದವು. ಈ ಸಲ ಅದು ಕೆಲಸದ ಪ್ರಶ್ನೆಯೆಂದು ನನಗೆ ನಾನು ಹೇಳಿಕೊಳ್ಳಲಿಲ್ಲ. ಅವಳ ಬೆರಳು ನಿಂತಿತು, ಮತ್ತೆ ಆಡತೊಡಗಿತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದೆ:

"ಅತ್ತೆ, ಆವತ್ತು ಬೋನಿನ ಬಾಗಿಲು ತೆಗೆಯೋ ಮುಂಚೆ ಇಲಿಗೆ ಉಣ್ಣಕ್ಕೆ ಕೊಟ್ಟಿದ್ಯಾ?"